ಲೈನೇರಿಯಾ ಬೀಜಕ್ಕೆ ಮಣ್ಣು ಮುಚ್ಚಬೇಡಿ

ಮೊನ್ನೆ ತಮ್ಮನ ಸೊಸೆ ಫೋನ್ ಮಾಡಿ, "ಬೀಜವೇ ಸರಿ ಇಲ್ಲ, ಒಂದೂ ಹುಟ್ಟಲಿಲ್ಲ" ಅಂದಳು. ಹೇಗೆ ಹಾಕಿದೆ ಅಂತ ಕೇಳಿದೆ. ಬೆರಳಲ್ಲಿ ಗುಳಿ ಮಾಡಿ, ಬೀಜ ಇಟ್ಟು, ಮಣ್ಣು ಮುಚ್ಚಿದಳಂತೆ! ಅದೇನು ಬೀನ್ಸ್ ಬೀಜವಾ? ಲೈನೇರಿಯಾ ಹೂಗಿಡದ ಬೀಜ ಗಸಗಸೆಗಿಂತ ಸಣ್ಣದು. ಬೆಳಕು ತಾಗಿದರೇ ಚೆನ್ನಾಗಿ ಮೊಳೆಯುವುದು.

ಟೋಡ್‌ಫ್ಲ್ಯಾಕ್ಸ್ ಅಂತಲೂ ಕರೆಯುವ ಈ ಗಿಡದ ತವರು ಮೊರಾಕ್ಕೊ. ಎತ್ತರ ಒಂದು ಗೇಣು, ಸ್ವಲ್ಪ ಜಾಸ್ತಿ. ಹೂವು ಪುಟಾಣಿ ಡಾಗ್ ಫ್ಲವರ್ ಥರ, ಹಿಂದೊಂದು ಬಾಲ. ನೇರಳೆ, ಗುಲಾಬಿ, ಹಳದಿ, ಬಿಳಿ ಎಲ್ಲ ಒಂದೇ ಪಾತಿಯಲ್ಲಿ ಬರುತ್ತವೆ. ಅದಕ್ಕೆ ಚಳಿ ಇಷ್ಟ. ಹಾಗಾಗಿ ಕೊಡಗಿನಲ್ಲಿ ಅಕ್ಟೋಬರ್ ಮಧ್ಯದ ತೀರ್ಥೋದ್ಭವ ಕಳೆದು, ಜೋರು ಮಳೆ ನಿಂತ ಮೇಲೆ ಬಿತ್ತಬೇಕು. ಅದಕ್ಕೂ ಮೊದಲು ಹಾಕಿದರೆ ಒಂದೇ ಮಳೆಗೆ ಬೀಜವೆಲ್ಲ ಚರಂಡಿಗೆ.

ಜಾಗ ಬಿಸಿಲಿರಲಿ. ಸಿಲ್ವರ್ ಓಕ್ ನೆರಳಲ್ಲಿ ಗಿಡ ಸುಮ್ನೆ ಉದ್ದ ಹೋಗಿ ಮಲಗುತ್ತದೆ. ಗೊಬ್ಬರ ಸುರಿಯಬೇಡಿ, ಬರೀ ಸೊಪ್ಪು ಬರುತ್ತದೆ.

ಇನ್ನು ಮರಳಿನ ವಿಷಯ. ಬೀಜ ಅಷ್ಟು ಸಣ್ಣದಾದ್ದರಿಂದ ಮರಳಲ್ಲಿ ಕಲಸಿ ಬಿತ್ತಬೇಕು. ಇದೊಂದನ್ನು ಮಾತ್ರ ನಾನು ಹೇಳಿದ ಹಾಗೇ ಮಾಡಿ. ಸಣ್ಣ ಮರಳನ್ನು ಕಾಫಿ ಕಣದಲ್ಲಿ ಎರಡು ದಿನ ಒಣಗಿಸಿ. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿನಿಂದ ಜಾರಿ ಹೋಗಬೇಕು, ಅಷ್ಟು ಒಣಗಬೇಕು. ಆಮೇಲೆ ಹಳೇ ಟೀ ಜರಡಿಯಲ್ಲಿ ಸೋಸಿ. ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಮರಳು. ಅಗಲ ತಟ್ಟೆಯಲ್ಲಿ ಬೆರಳ ತುದಿಯಿಂದ ಕಲಸಿ, ಅಂಗೈಯಿಂದ ಉಜ್ಜಬೇಡಿ. ಪಾತಿಯ ಮಣ್ಣು ಹುಡಿ ಮಾಡಿ, ಬಿತ್ತುವ ಮೊದಲೇ ನೀರು ಹಾಕಿರಿ. ರಂಗೋಲಿ ಎಳೆ ಬಿಡುವ ಹಾಗೆ ಹೆಬ್ಬೆರಳು, ತೋರುಬೆರಳ ನಡುವಿನಿಂದ ಬಿಡುತ್ತಾ ಹೋಗಿ. ಕರಿ ಮಣ್ಣಿನ ಮೇಲೆ ಮರಳು ಬೆಳ್ಳಗೆ ಕಾಣುವುದರಿಂದ ಎಲ್ಲಿ ಬಿದ್ದಿದೆ, ಎಲ್ಲಿ ಬಿಟ್ಟುಹೋಗಿದೆ ಅಂತ ಗೊತ್ತಾಗುತ್ತದೆ. ಕೊನೆಗೆ ಹಲಗೆ ತುಂಡಿನಿಂದ ಮೆಲ್ಲಗೆ ಒತ್ತಿ, ಅಷ್ಟೇ. ಅವ್ವ ರೊಟ್ಟಿ ಮಣೆಯನ್ನೇ ತಂದು ಒತ್ತುತ್ತಿದ್ದರು, ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದರು.

ಪೈಪು ಹಿಡಿದು ನೀರು ಬಿಡಬೇಡಿ. ಬಟ್ಟೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಇದೆಯಲ್ವಾ, ಅದು ಸಾಕು. ಹತ್ತು ಹದಿನೈದು ದಿನಕ್ಕೆ ಹಸಿರು ಧೂಳಿನ ಹಾಗೆ ಮೊಳಕೆ ಕಾಣುತ್ತದೆ. ಆವಾಗ ಕಳೆ ಅಂದುಕೊಂಡು ಕೆರೆದು ಹಾಕಿದವರೂ ಇದ್ದಾರೆ. ಎರಡಂಗುಲ ಬಂದಾಗ ನಾಲ್ಕು ಬೆರಳಿಗೊಂದು ಗಿಡ ಬಿಟ್ಟು ಉಳಿದದ್ದು ಕತ್ತರಿಯಲ್ಲಿ ತೆಗೆಯಿರಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ. ಕಿತ್ತು ಬೇರೆ ಕಡೆ ನೆಡುವ ಆಸೆ ಬೇಡ, ಅದಕ್ಕೆ ಜಾಗ ಬದಲಿಸಿದರೆ ಆಗುವುದಿಲ್ಲ.

ಎರಡು, ಎರಡೂವರೆ ತಿಂಗಳಿಗೆ ಹೂವು. ಮನೆಯವರೆಲ್ಲ ಕಾಫಿ ಕುಯ್ಲಲ್ಲಿ ಇರುವಾಗ ಪಾತಿ ತುಂಬಿರುತ್ತದೆ. ಮೊದಲ ಸುತ್ತು ಬಾಡಿದಾಗ ಅರ್ಧಕ್ಕೆ ಕತ್ತರಿಸಿ, ಮತ್ತೆ ಬಿಡುತ್ತದೆ. ನಾಲ್ಕು ಕಡ್ಡಿ ಮಾತ್ರ ಕಾಯಿ ಒಣಗಲು ಬಿಡಿ. ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಪೇಪರ್ ಕವರ್ ಒಳಗೆ ಬಗ್ಗಿಸಿ ಕೊಡವಿ. ನಾಳೆ ನೋಡೋಣ ಅಂದರೆ ಕಾಯಿ ಬಾಯಿ ಬಿಟ್ಟು, ಬೀಜ ಮೆಟ್ಟಿಲ ಸಂದಿಗೆ ಹೋಗಿರುತ್ತದೆ.