ಒಣಗಿದ ಗಿಡವನ್ನು ಕಿತ್ತೆಸೆಯುವ ಮುನ್ನ

ನಾವು ವಲಸೆ ಬಂದಿರುವ ಈ ಚಳಿದೇಶದಲ್ಲಿ, ಎಲೆ ಉದುರುವ ಕಾಲದ ಕೊನೆಗೆ ಹಿತ್ತಲು ಸತ್ತಂತೆ ಕಾಣುತ್ತದೆ. ಸತ್ತಿರುವುದಿಲ್ಲ. ಇದು ತಿಳಿಯಲು ನನಗೆ ಒಂದಿಡೀ ತೋಟ ಖರ್ಚಾಯಿತು. ಮೊದಲ ವರ್ಷ ಹೋಸ್ಟಾ, ಡೇಲಿಲಿ ಎಂಬ, ವರ್ಷವರ್ಷವೂ ಬೇರಿನಿಂದ ಚಿಗುರುವ ಗಿಡಗಳೆಲ್ಲ ಕಂದಿ ನೆಲಕ್ಕೊರಗಿದ್ದನ್ನು ಕಂಡು, ನೀರು ಸಾಲದೆ ಒಣಗಿದವೆಂದು ವಾರವಿಡೀ ನೀರು ಹುಯ್ದೆ. ಆಮೇಲೆ ಬೇರುಸಹಿತ ಕಿತ್ತು ಕಸಕ್ಕೆ ಹಾಕಿ, ಹಿತ್ತಲು ಚೊಕ್ಕಟವಾಯಿತೆಂದು ಬೀಗಿದೆ. ವಸಂತದಲ್ಲಿ ಪಕ್ಕದ ಮನೆಯ ಹೋಸ್ಟಾ ಚಿಗುರಿ ನಿಂತಾಗ ನಮ್ಮಲ್ಲಿ ಬರೀ ಮಣ್ಣು. ವರ್ಷವಿಡೀ ಹಸಿರು ಕಂಡು ಬೆಳೆದವರಿಗೆ, ಗಿಡ ಮೇಲೆ ಒಣಗಿ ಕೆಳಗೆ ಬದುಕಿರುತ್ತದೆ ಎಂದು ಯಾರು ಹೇಳಿರುತ್ತಾರೆ?

ಬಾಡಿಗೆ ಮನೆಯಾದರೆ ಅಗೆಯುವ ಮುನ್ನ ಮಾಲೀಕರನ್ನು ಕೇಳಿ. ಊರಿನಿಂದ ಬೀಜ, ಸಸಿ ತರುವ ಆಸೆಯಿದ್ದರೆ ನಿಯಮಗಳನ್ನು ಮೊದಲೇ ಓದಿಕೊಳ್ಳಿ.

ಗಿಡ ಕಿತ್ತು ಬೇರೆಡೆ ನೆಡುವುದಿದ್ದರೆ ನೆಲ ಹೆಪ್ಪುಗಟ್ಟುವುದಕ್ಕೆ 4ರಿಂದ 6 ವಾರ ಮೊದಲೇ ಮುಗಿಸಿ. ನಾನು ತಡಮಾಡಿದೆ. ಮಣ್ಣು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ, ಇನ್ನೂ ಬೇರು ಹಿಡಿಯದ ಗಿಡಗಳನ್ನು ಮೇಲಕ್ಕೆ ತಳ್ಳಿಬಿಟ್ಟಿತು. ಬೇರುಗಳು ಗಾಳಿಗೆ ಒಣಗಿದವು. ತಡವಾಯಿತೇ? ವಸಂತದವರೆಗೆ ಸುಮ್ಮನಿರಿ. ಗೊಬ್ಬರವನ್ನಂತೂ ಈಗ ಹಾಕಲೇಬೇಡಿ, ಎಳೆ ಚಿಗುರು ಬಂದರೆ ಮೊದಲ ಹಿಮಕ್ಕೇ ಸುಟ್ಟುಹೋಗುತ್ತದೆ.

ಪಿಯೋನಿ ಎಂಬ ಹೂಗಿಡದ ವಿಷಯದಲ್ಲಿ ನನ್ನನ್ನು ಕೆಡಿಸಿದ್ದು ಪ್ರೀತಿ. ಗಡ್ಡೆ ಬಿಡಿಸುವಾಗ ಪ್ರತಿ ಭಾಗಕ್ಕೂ ಚಿಗುರೊಡೆಯುವ 3ರಿಂದ 5 ಕಣ್ಣು ಉಳಿಸಿಕೊಂಡೆ, ಅದು ಸರಿಯೇ. ಆದರೆ ಕಣ್ಣುಗಳ ಮೇಲೆ 5 ಸೆಂಟಿಮೀಟರಿಗಿಂತ ಹೆಚ್ಚು ಮಣ್ಣು ಬೀಳಬಾರದು. ನಾನೋ, ಪಾಪ ಚಳಿಯಾದೀತೆಂದು ಮೊಣಕೈ ಆಳದಲ್ಲಿ ಹೂತೆ. ನಾಲ್ಕು ವರ್ಷ ಎಲೆ ಬಿಟ್ಟು ಬೇರೇನೂ ಕಾಣಲಿಲ್ಲ. ಹೂಬಿಡಲು ಅದಕ್ಕೆ ಚಳಿಯೇ ಬೇಕಂತೆ! ಮಗಳಿಗೂ ಮೂರು ಸ್ವೆಟರ್ ತೊಡಿಸಿ ಶಾಲೆಗೆ ಕಳುಹಿಸುತ್ತಿದ್ದ ಕಾಲವದು. ಅವಳು ಬಾಗಿಲಾಚೆ ಎರಡನ್ನು ಬಿಚ್ಚಿ ಚೀಲಕ್ಕೆ ತುರುಕುತ್ತಿದ್ದಳೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು.

ಗುಲಾಬಿಯನ್ನು ಕಡ್ಡಿಯಿಂದ ಬೆಳೆಸಬಹುದು. ಎಲೆ ಉದುರಿದ ಮೇಲೆ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ಕತ್ತರಿಸಿ, ಮೂರರಲ್ಲಿ ಎರಡು ಪಾಲು ಮಣ್ಣಿನೊಳಗಿರುವಂತೆ ಊರಿ. ತಲೆಕೆಳಗಾಗದಂತೆ ಬುಡ ನೇರವಾಗಿ, ತುದಿ ಓರೆಯಾಗಿ ಕತ್ತರಿಸಿದರೆ ಗುರುತು ಸಿಗುತ್ತದೆ. ಬೇರು ಬಂತೇ ಎಂದು ವಾರಕ್ಕೊಮ್ಮೆ ಕಿತ್ತು ನೋಡಬೇಡಿ. ನಾನು ನೋಡಿದೆ, ಬರಲಿಲ್ಲ. ಒಂದು ವರ್ಷ ಅದನ್ನು ಮರೆತುಬಿಡಿ.

ಗಿಡಗಳಿಗೆ ಹೆಸರಿನ ಪಟ್ಟಿ ಚುಚ್ಚಿಡಿ. ಇಲ್ಲವಾದರೆ ವಸಂತದಲ್ಲಿ ಮಲಗಿದ ಗಡ್ಡೆಗೇ ಗುದ್ದಲಿ ಬೀಳುತ್ತದೆ. ನಮ್ಮ ಪಟ್ಟಿಗಳನ್ನು ಮಗಳು ಬರೆಯುತ್ತಾಳೆ. ಪಿಯೋನಿಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಒಮ್ಮೆ ಕೇಳಿದಳು. ಹಿತ್ತಲಿನ ಅರ್ಧದಷ್ಟು ಗಿಡಗಳನ್ನು ನಾನು ಯಾವ ತಾಯ್ನುಡಿಯಲ್ಲೂ ಕರೆಯಲಾರೆನೆಂದು ಹೊಳೆದದ್ದೇ ಆಗ. ಅವಳೇ ಯೋಚಿಸಿ, ಒಂದು ಒತ್ತಕ್ಷರ ಬಿಟ್ಟು, ‘ನಿದೆಗಣ್ಣಿ’ ಎಂದು ಬರೆದಳು. ಪಟ್ಟಿಗಳನ್ನು ಪೆನ್ಸಿಲಿನಲ್ಲೇ ಬರೆಸಿರಿ. ಶಾಯಿಯಾದರೆ ಒಂದು ಚಳಿಗಾಲ ಕಳೆಯುವುದರೊಳಗೆ ಮಾಸಿಹೋಗುತ್ತದೆ.