ಕ್ಲಸ್ಟರ್ ಸುಮ್ಮಸುಮ್ಮನೆ ಸರ್ವರ್ ಬದಲಿಸುತ್ತಿದೆಯೇ? ಟೈಮ್‌ಔಟ್ ಸರಿಪಡಿಸುವುದು ಹೀಗೆ

ಭತ್ತದ ಸುಗ್ಗಿ ಬಂತೆಂದರೆ ಗಂಗಾವತಿಯ ರೈಸ್ ಮಿಲ್‌ಗಳ ಮುಂದೆ ಲಾರಿಗಳ ಸಾಲು ರಸ್ತೆಗೆ ಬಂದು ನಿಲ್ಲುತ್ತದೆ. ಅಂಥದೊಂದು ಮಿಲ್ಲಿನ ವೇಬ್ರಿಡ್ಜ್‌ನಿಂದ ರಾತ್ರಿ ಎರಡಕ್ಕೆ ನನಗೆ ಫೋನ್ ಬಂತು: ‘ಸರ್, ಮತ್ತ ತೂಕದ ಚೀಟಿ ಬರವಲ್ದ್ರಿ.’ ಅಲ್ಲಿದ್ದದ್ದು ಎರಡು ವರ್ಚುವಲ್ ಸರ್ವರ್‌ಗಳ ಕ್ಲಸ್ಟರ್. ಒಂದು ಬಿದ್ದರೆ ಡೇಟಾಬೇಸ್ ಇನ್ನೊಂದರಲ್ಲಿ ಏಳಬೇಕು. ಆದರೆ ಯಾವುದೂ ಬಿದ್ದಿರಲಿಲ್ಲ. ಚೆನ್ನಾಗಿದ್ದ ಸರ್ವರನ್ನೇ ಸತ್ತಿದೆ ಎಂದು ಬಗೆದು ಇನ್ನೊಂದು ರೀಬೂಟ್ ಮಾಡುತ್ತಿತ್ತು. ಆ ರಾತ್ರಿ ನಾನು ಡೇಟಾಬೇಸಿನ ಟೈಮ್‌ಔಟ್‌ಗಳನ್ನೆಲ್ಲ, ಅಂದರೆ ಉತ್ತರಕ್ಕೆ ಕಾಯುವ ಗಡುವುಗಳನ್ನೆಲ್ಲ, ದುಪ್ಪಟ್ಟು ಮಾಡಿ ಮಲಗಿದೆ. ಮರುದಿನ ಅದೇ ಹೊತ್ತಿಗೆ ಅದೇ ಫೋನ್. ಮುಗಿಯುತ್ತಿದ್ದ ಗಡುವೇ ಬೇರೆಯಾಗಿತ್ತು.

ಹಾಗಾಗಿ ಮೊದಲ ಕೆಲಸ, ಯಾವ ಗಡುವು ಮೀರಿತು ಎಂದು ಲಾಗ್‌ನಲ್ಲಿ ಹುಡುಕುವುದು. ಕ್ಲಸ್ಟರ್ ನಡೆಸಲು ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಸುವ ಕೊರೊಸಿಂಕ್, ಪೇಸ್‌ಮೇಕರ್ ಎಂಬ ತಂತ್ರಾಂಶಗಳ ಜೋಡಿಯಲ್ಲಿ ಮೂರು ಬಗೆಯ ಗಡುವುಗಳಿವೆ. ಸರ್ವರ್‌ಗಳು ಒಂದನ್ನೊಂದು ‘ಇದ್ದೀಯಾ’ ಎಂದು ಕೇಳುವ ಟೋಕನ್ ಗಡುವು ಕೊರೊಸಿಂಕ್‌ನದು. ಡೇಟಾಬೇಸನ್ನು ಎಬ್ಬಿಸುವ, ನಿಲ್ಲಿಸುವ, ತಪಾಸಣೆ ಮಾಡುವ ಗಡುವು ಪೇಸ್‌ಮೇಕರ್‌ನದು. ಕೆಟ್ಟ ಸರ್ವರಿನ ವಿದ್ಯುತ್ತನ್ನೇ ಕಡಿಯುವ ಫೆನ್ಸಿಂಗ್‌ಗೆ ಮೂರನೆಯದು. ಲಾಗ್‌ನಲ್ಲಿ ಕೊರೊಸಿಂಕ್ ‘ಒಂದು ಪ್ರೊಸೆಸರ್ (ಇಲ್ಲಿ ಸರ್ವರ್ ಎಂದರ್ಥ) ವಿಫಲವಾಯಿತು, ಹೊಸ ಗುಂಪು ಕಟ್ಟುತ್ತಿದ್ದೇನೆ’ ಎಂದಿದ್ದರೆ ಟೋಕನ್ ನೋಡಿ. ಪೇಸ್‌ಮೇಕರ್ ಯಾವುದೋ ಮಾನಿಟರ್ ಅಥವಾ ಸ್ಟಾಪ್ ‘ಟೈಮ್ಡ್ ಔಟ್’ ಎಂದಿದ್ದರೆ ರಿಸೋರ್ಸ್, ಅಂದರೆ ಡೇಟಾಬೇಸಿನಂಥ ಸೇವೆಯ ಗಡುವು ನೋಡಿ.

ಎರಡನೆಯದಾಗಿ, ಈಗ ನಿಜವಾಗಿ ಜಾರಿಯಲ್ಲಿರುವ ಅಂಕಿಯನ್ನು ಓದಿ. ಕಾನ್ಫಿಗ್ ಫೈಲ್ ಒಂದನ್ನೇ ನಂಬಬೇಡಿ. ಕೊರೊಸಿಂಕ್‌ನ ಸಿಮ್ಯಾಪ್ ಕಮಾಂಡ್‌ನಲ್ಲಿ (corosync-cmapctl) ರನ್‌ಟೈಮ್ ಟೋಕನ್ ಬೆಲೆ ಸಿಗುತ್ತದೆ. ಕೊರೊಸಿಂಕ್ 3.1ರಿಂದ ಟೋಕನ್‌ನ ಮೂಲ ಬೆಲೆ 3000 ಮಿಲಿಸೆಕೆಂಡ್, ಅದಕ್ಕೂ ಹಿಂದೆ 1000. ಫೈಲಿನಲ್ಲಿ ಸರ್ವರ್‌ಗಳ ಪಟ್ಟಿ ಇದ್ದರೆ ಎರಡರ ಮೇಲಿನ ಪ್ರತಿ ಸರ್ವರ್‌ಗೆ 650 ಸೇರುತ್ತದೆ. ಅಂದರೆ ಐದು ಸರ್ವರ್‌ಗಳಿದ್ದಲ್ಲಿ 4950. ಟೋಕನ್ ಕಳೆದ ಮೇಲೆ ಹೊಸ ಗುಂಪಿಗೆ ಒಪ್ಪಿಗೆ ಪಡೆಯಲು ಟೋಕನ್‌ನ 1.2 ಪಟ್ಟು ಸಮಯವನ್ನು ಕೊರೊಸಿಂಕ್ ಕಾಯ್ದಿಡುತ್ತದೆ.

ಮೂರನೆಯದು ಅಳೆಯುವುದು, ಇಲ್ಲಿ ಆತುರ ಬೇಡ. ‘ಮುಖ್ಯ ಪ್ರಕ್ರಿಯೆಗೆ ಇಷ್ಟು ಮಿಲಿಸೆಕೆಂಡ್ ಸರದಿ ಸಿಗಲಿಲ್ಲ’ ಎಂಬ ಎಚ್ಚರಿಕೆ ಲಾಗ್‌ನಲ್ಲಿದೆಯೇ ಹುಡುಕಿ. ಟೋಕನ್‌ನ ಶೇ 80ರಷ್ಟು ಹೊತ್ತು ಸರದಿ ತಪ್ಪಿದರೆ ಕೊರೊಸಿಂಕ್ ಇದನ್ನು ಬರೆಯುತ್ತದೆ. ನಮ್ಮ ಮಿಲ್ಲಿನಲ್ಲಿ ಇದೇ ಸಿಕ್ಕಿತು: ರಾತ್ರಿ ಎರಡಕ್ಕೆ ಬ್ಯಾಕಪ್ ಸ್ನ್ಯಾಪ್‌ಶಾಟ್ ತೆಗೆಯುವಾಗ ಇಡೀ ವರ್ಚುವಲ್ ಸರ್ವರ್ ನಾಲ್ಕು ಸೆಕೆಂಡು ಸ್ತಬ್ಧವಾಗುತ್ತಿತ್ತು. ಟೋಕನ್ 1000 ಇದ್ದ ಆ ಹಳೆಯ ಆವೃತ್ತಿಯಲ್ಲಿ ಅದು ಸತ್ತಂತೆಯೇ. ಲಾರಿ ಇಲ್ಲದ ಹೊತ್ತಿಗೆ ಬ್ಯಾಕಪ್ ಸರಿಸಿ, ಟೋಕನ್ 6000 ಮಾಡಿದೆವು. ಎಲ್ಲ ಸರ್ವರ್‌ಗಳಲ್ಲೂ ಫೈಲ್ ಒಂದೇ ಇರಬೇಕು. ಆಮೇಲೆ ರೀಲೋಡ್ ಮಾಡಿ, ರನ್‌ಟೈಮ್ ಬೆಲೆಯನ್ನು ಮತ್ತೆ ಓದಿ ಖಾತ್ರಿಪಡಿಸಿಕೊಳ್ಳಿ.

ಕರೆಂಟ್ ಹೋಗಿಬಂದಾಗ ನೆಟ್‌ವರ್ಕ್ ಸ್ವಿಚ್ ಮರಳಿ ಏಳಲು ನಿಮಿಷಗಟ್ಟಲೆ ಹಿಡಿಯುವುದುಂಟು. ಅಷ್ಟು ಹೊತ್ತಿಗೂ ಸಾಕಾಗುವಂತೆ ಟೋಕನ್ ಹಿಗ್ಗಿಸಬೇಡಿ. ಹಾಗೆ ಮಾಡಿದರೆ ಸರ್ವರ್ ನಿಜವಾಗಿ ಸತ್ತಾಗಲೂ ಕ್ಲಸ್ಟರ್ ಕೈಕಟ್ಟಿ ಕೂರುತ್ತದೆ. ಬೇರೆ ಸ್ವಿಚ್ ಮೂಲಕ ಎರಡನೇ ಕೇಬಲ್ ಎಳೆಯಿರಿ. ಕೊರೊಸಿಂಕ್ 3ರಲ್ಲಿ ಎಂಟು ಲಿಂಕ್‌ಗಳವರೆಗೆ ಕೊಡಬಹುದು.

ರಿಸೋರ್ಸ್ ಗಡುವುಗಳಲ್ಲಿ ನನಗೆ ಹೆಚ್ಚು ಭಯ ಸ್ಟಾಪ್‌ನದು. ನೀವೇನೂ ಬರೆಯದಿದ್ದರೆ ಪೇಸ್‌ಮೇಕರ್ ಪ್ರತಿ ಕೆಲಸಕ್ಕೆ 20 ಸೆಕೆಂಡ್ ಕೊಡುತ್ತದೆ. ಕೆಲಸದ ಒತ್ತಡದಲ್ಲಿರುವ ಡೇಟಾಬೇಸ್ ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆದು ಮುಚ್ಚಲು ಅದು ಸಾಲದು. ಸ್ಟಾಪ್ ಸೋತರೆ, ಫೆನ್ಸಿಂಗ್ ಚಾಲ್ತಿಯಲ್ಲಿರುವ ಕಡೆ, ಆ ಸರ್ವರನ್ನೇ ಕ್ಲಸ್ಟರ್ ಫೆನ್ಸ್ ಮಾಡುತ್ತದೆ. ಕ್ಲಸ್ಟರ್ ನಡುವೆ ಕೈಹಾಕದಂತೆ ಮೆಂಟೆನೆನ್ಸ್ ಮೋಡ್ ಹಾಕಿ, ದಟ್ಟಣೆ ಹೊತ್ತಿನಷ್ಟೇ ಭಾರ ಹೇರಿ, ಡೇಟಾಬೇಸನ್ನು ಕೈಯಾರೆ ನಿಲ್ಲಿಸಿ ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಅದರ ದುಪ್ಪಟ್ಟು ಕೊಡಿ. ಸ್ಟಾರ್ಟ್‌ಗೂ ಇದೇ ಕ್ರಮ, ಆದರೆ ಅದನ್ನು ಡೇಟಾಬೇಸ್ ಅರ್ಧಕ್ಕೆ ಬಿದ್ದು ಚೇತರಿಸಿಕೊಂಡು ಏಳುವಾಗಲೇ ಅಳೆಯಬೇಕು.

ಫೆನ್ಸಿಂಗ್‌ಗೆ ಮೂಲತಃ 60 ಸೆಕೆಂಡ್ ಇದೆ, ಬಹುಮಟ್ಟಿಗೆ ಸಾಕು. ಎರಡೇ ಸರ್ವರ್‌ಗಳಿದ್ದರೆ ಒಂದರ ಫೆನ್ಸಿಂಗ್‌ಗೆ ಕೆಲವು ಸೆಕೆಂಡ್ ವಿಳಂಬ ಇಡಿ. ಇಲ್ಲವಾದರೆ ಕೇಬಲ್ ಕಡಿದಾಗ ಎರಡೂ ಪರಸ್ಪರ ಕೊಂದುಕೊಳ್ಳಬಹುದು.

ಕೊನೆಗೆ ಪರೀಕ್ಷೆ. ಮಿಲ್ ನಿಂತಿರುವ ಹೊತ್ತಿನಲ್ಲಿ, ಬ್ಯಾಕಪ್ ಇಟ್ಟುಕೊಂಡು, ಒಂದು ಸರ್ವರಿನ ಕರ್ನಲ್ ಅನ್ನು (ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು) ಬೇಕೆಂದೇ ಕ್ರ್ಯಾಶ್ ಮಾಡಿ ಗಡಿಯಾರ ಹಿಡಿಯಿರಿ. ಟೋಕನ್ 6 ಸೆಕೆಂಡ್, ಒಪ್ಪಿಗೆಗೆ 7.2 ಸೆಕೆಂಡ್, ಅದರ ಮೇಲೆ ಫೆನ್ಸಿಂಗ್, ಡೇಟಾಬೇಸ್ ಏಳುವುದು. ಒಟ್ಟು ಎಷ್ಟಾಯಿತೋ ಅಷ್ಟನ್ನು ಬರೆದು ವೇಬ್ರಿಡ್ಜ್ ಗುಮಾಸ್ತರ ಮೇಜಿನ ಮೇಲೆ ಅಂಟಿಸಿ. ಅಷ್ಟು ಹೊತ್ತು ಮೀರಿಯೂ ಚೀಟಿ ಬಾರದಿದ್ದರೆ ಫೋನ್ ಮಾಡಲಿ.