ಕಪ್ಪಗಲ್ಲಿನ ಗೂಳಿಯನ್ನು ಮಣಿಗಳಲ್ಲಿ ಮೂಡಿಸುವ ಬಗೆ

ಬಳ್ಳಾರಿ ಬಳಿಯ ಕಪ್ಪಗಲ್ಲು ಗುಡ್ಡದ ಕರಿಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಮೂಡಿಸಿದ ಉದ್ದ ಕೊಂಬಿನ, ಹಿಣಿಲುಳ್ಳ ಗೂಳಿಗಳು 1892ರಲ್ಲಿಯೇ ವಿದ್ವಾಂಸರ ಗಮನಕ್ಕೆ ಬಂದಿದ್ದವು. ಹತ್ತಿರ ನಿಂತು ನೋಡಿದರೆ ಅವು ಗೆರೆ ಎಳೆದು ಮಾಡಿದ ಚಿತ್ರಗಳಲ್ಲ, ಕಲ್ಲಿನಿಂದ ಕಲ್ಲನ್ನು ಕುಟ್ಟಿ, ಚುಕ್ಕೆಗೆ ಚುಕ್ಕೆ ಸೇರಿಸಿ ತುಂಬಿದ ಆಕೃತಿಗಳು ಎಂಬುದು ತಿಳಿಯುತ್ತದೆ. ಮಣಿ ಕೆಲಸಕ್ಕೆ ಇದಕ್ಕಿಂತ ಒಗ್ಗುವ ಮಾದರಿಯನ್ನು ನಾನು ಕಂಡಿಲ್ಲ, ಏಕೆಂದರೆ ಇಲ್ಲಿ ಒಂದೊಂದು ಮಣಿಯೂ ಒಂದೊಂದು ಪೆಟ್ಟಿನ ಗುರುತಾಗಿ ನಿಲ್ಲುತ್ತದೆ.

ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಕೆತ್ತನೆ ಎದ್ದು ಕಾಣಲೆಂದು ಬಂಡೆಗೆ ಸೀಮೆಸುಣ್ಣ ಬಳಿಯುವುದಾಗಲಿ, ನೀರು ಸುರಿಯುವುದಾಗಲಿ ಸರ್ವಥಾ ಕೂಡದು. ಫೋಟೊವನ್ನು ಗೂಳಿ ಸುಮಾರು 12 ಸೆಂ.ಮೀ. ಉದ್ದ ಬರುವಂತೆ ಮುದ್ರಿಸಿ, ಬಟರ್ ಪೇಪರಿನ ಮೇಲೆ ತಿದ್ದಿಕೊಂಡು, ಕಸೂತಿಗೆ ಬಳಸುವ ಹಳದಿ ಕಾರ್ಬನ್ ಹಾಳೆಯಿಂದ ಬಟ್ಟೆಗೆ ಇಳಿಸಿ.

ಬಟ್ಟೆ ಕಪ್ಪು ಅಥವಾ ಗಾಢ ಕಂದು ಬಣ್ಣದ ದಪ್ಪ ಹತ್ತಿಯದಾಗಿರಲಿ, ಅದರ ಹಿಂದೆ ಒಂದು ಪದರ ಕ್ಯಾನ್ವಾಸ್ ಇರಲಿ. ಬಂಡೆಯ ಮೇಲ್ಮೈ ಕಪ್ಪಾಗಿದ್ದು, ಕುಟ್ಟಿದ ಜಾಗ ಮಾತ್ರ ತಿಳಿಯಾಗಿ ಕಾಣುವುದರಿಂದ ಹೊಳಪಿಲ್ಲದ ಬೂದು ಮತ್ತು ಮಾಸಲು ಬಿಳಿಯ 2 ಮಿ.ಮೀ. ಗಾಜಿನ ಮಣಿಗಳನ್ನು ಬೆರೆಸಿ ಬಳಸಬೇಕು. ಮಿಂಚುವ ಮಣಿಗಳು ಬಂಡೆಯ ಗಾಂಭೀರ್ಯವನ್ನೇ ಕೆಡಿಸುತ್ತವೆ. ನಮ್ಮ ಗುಳೇದಗುಡ್ಡದ ಖಣದ ಮೇಲೆಯೇ ಹೊಲಿಯುವ ಆಸೆ ನನಗೂ ಇತ್ತು, ಆದರೆ ನೇಯ್ಗೆಯ ಚಿತ್ತಾರದ ನಡುವೆ ಗೂಳಿ ಕಣ್ಮರೆಯಾಯಿತು. ಈಗ ಖಣವನ್ನು ಸುತ್ತಲಿನ ಅಂಚಿಗೆ ಮಾತ್ರ ಬಳಸುತ್ತೇನೆ.

ಬಟ್ಟೆಯನ್ನು ರಿಂಗಿಗೆ ಬಿಗಿದು, ಮೊದಲು ಕೊಂಬುಗಳನ್ನು ಹೊಲಿಯಿರಿ. ನಾನು ಮೊದಲ ಸಲ ಮೈಯಿಂದ ಆರಂಭಿಸಿದ್ದರಿಂದ ತಲೆಯ ಭಾಗ ಮುಂದಕ್ಕೆ ಸರಿದು, ಕೊಂಬಿನ ಬಾಗಿಗೆ ಜಾಗವೇ ಉಳಿಯಲಿಲ್ಲ. ಸೂಜಿಯನ್ನು ಕೆಳಗಿನಿಂದ ಮೇಲೆ ತಂದು, ನಾಲ್ಕು ಮಣಿ ಪೋಣಿಸಿ ಗೆರೆಯ ಮೇಲೆ ಮಲಗಿಸಿ, ನಾಲ್ಕನೆಯ ಮಣಿಯ ಪಕ್ಕದಲ್ಲೇ ಸೂಜಿಯನ್ನು ಕೆಳಗಿಳಿಸಿ, ಎರಡನೆಯ ಮತ್ತು ಮೂರನೆಯ ಮಣಿಗಳ ನಡುವೆ ಮೇಲೆ ತಂದು, ಕೊನೆಯ ಎರಡು ಮಣಿಗಳೊಳಗಿಂದ ಮತ್ತೊಮ್ಮೆ ಹಾಯಿಸಬೇಕು. ಕೊಂಬು ತಿರುಗುವಲ್ಲಿ ನಾಲ್ಕರ ಬದಲು ಎರಡೇ ಮಣಿ ತೆಗೆದುಕೊಂಡರೆ ಬಾಗು ಮುರಿಯುವುದಿಲ್ಲ. ದಾರವನ್ನು ಅತಿಯಾಗಿ ಎಳೆದರೆ ಬಟ್ಟೆ ಸುಕ್ಕುಗಟ್ಟುತ್ತದೆ.

ಬಳಿಕ ಬೆನ್ನಿನ ಗೆರೆ, ಹಿಣಿಲು, ಕಾಲುಗಳನ್ನು ಮುಗಿಸಿ, ಮೈಯನ್ನು ಬೆನ್ನಿನ ಬಾಗನ್ನೇ ಅನುಸರಿಸುವ ಸಾಲುಗಳಿಂದ ತುಂಬಿ. ಸಾಲುಗಳ ನಡುವೆ ಅಲ್ಲಲ್ಲಿ ಒಂದೆರಡು ಮಣಿಯಷ್ಟು ಕಪ್ಪು ಬಟ್ಟೆ ಇಣುಕುವಂತೆ ಬಿಟ್ಟರೆ ಕುಟ್ಟಿದ ಕಲ್ಲಿನ ಒರಟುತನ ತಾನಾಗಿ ಬರುತ್ತದೆ. ಪ್ರತಿ ಐದಾರು ಸಾಲಿಗೊಮ್ಮೆ ಹಿಂಬದಿಯಲ್ಲಿ ಗಂಟು ಹಾಕಿದರೆ ಮುಂದೆ ದಾರ ಹರಿದರೂ ಎಲ್ಲ ಮಣಿಗಳು ಉದುರುವುದಿಲ್ಲ. ನಾನು ಫೋಟೊ ತೆಗೆದ ಗೂಳಿಗೆ ಕಣ್ಣನ್ನು ಬಿಡಿಸಿರಲಿಲ್ಲ, ಹಾಗಾಗಿ ನಾನೂ ಕಣ್ಣಿನ ಮಣಿ ಇಡಲಿಲ್ಲ.